ಒಂದು ಫಾರ್ವರ್ಡ್, ಎರಡು ಕಾಲೇಜು, ಹಳೆಯ ತೋಟದ ಸಾಲ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ದೊಡ್ಡಪ್ಪನವರ ಕಟ್ಟಪ್ಪಣೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಓದುತ್ತಲೇ ನಿವೃತ್ತರಾದ ಅವರಿಗೆ ಅರ್ಧಂಬರ್ಧ ಮಾತು ಹಿಡಿಸುವುದಿಲ್ಲ. ಹಾಗಾಗಿ 2025ರ ಏಪ್ರಿಲ್‌ನಲ್ಲಿ ನಡೆದ ಜಗಳವೂ ಅಚ್ಚುಕಟ್ಟಾದ ಕನ್ನಡದಲ್ಲೇ ನಡೆಯಿತು.

ಕಿಡಿ ಹಚ್ಚಿದವರು ಶಿವಮೊಗ್ಗದ ಕಮಲತ್ತೆ. ಬೆಳಗಿನ ಐದೂವರೆಗೆ ಅವರು ಕಳುಹಿಸಿದ ಫಾರ್ವರ್ಡ್ ಹೀಗಿತ್ತು: “ಅಮೆರಿಕದ ಪೋಷಕರೇ ಎಚ್ಚರ! ಹೊರರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವು ಖಾಸಗಿ ಕಾಲೇಜಿಗಿಂತ ದುಬಾರಿ. ಆದರೆ ಮಗು ಒಂದು ವರ್ಷ ಅಲ್ಲೇ ಬಾಡಿಗೆ ಮನೆ ಮಾಡಿ ಡ್ರೈವಿಂಗ್ ಲೈಸೆನ್ಸ್ ಪಡೆದರೆ ಉಳಿದ ಮೂರು ವರ್ಷ ಸ್ಥಳೀಯರ ಶುಲ್ಕ ಸಾಕು. ಕಾಲೇಜಿನವರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.” ಕೆಳಗೆ ಅತ್ತೆಯದೇ ಒಂದು ಸಾಲು: “ಶಂಕರ, ಓದಿ ನೋಡು. ನಾನು ಮೊದಲಿನಿಂದಲೂ ಹೇಳುತ್ತಿದ್ದೆ.”

ಅತ್ತೆ ಮೊದಲಿನಿಂದ ಏನು ಹೇಳುತ್ತಿದ್ದರೆಂದು ಯಾರಿಗೂ ತಿಳಿಯದು. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್ ಬಳಿಯ ಫ್ರಿಸ್ಕೊದಲ್ಲಿರುವ ಶಂಕರ ಚಿಕ್ಕಪ್ಪನ ಮಗಳು ಅನಘಾಳಿಗೆ ಆಗ ಎರಡು ಕಡೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು: ಒಂದು ಇಂಡಿಯಾನಾ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಪರ್ಡ್ಯೂ, ಇನ್ನೊಂದು ಮನೆಯಿಂದಲೇ ಹೋಗಿ ಬರಬಹುದಾದ, ಟೆಕ್ಸಸ್ ಸರ್ಕಾರದ್ದೇ ಆದ ಯುಟಿ ಡಲ್ಲಾಸ್. ಟೆಕ್ಸಸ್‌ನಲ್ಲಿ ಆ ವರ್ಷ ತನ್ನ ಶಾಲೆಯ ಮೇಲಿನ ಶೇಕಡಾ 6ರೊಳಗೆ ಬಂದವರಿಗೆ ಮಾತ್ರ ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಖಾತ್ರಿಯಿತ್ತು. ಫ್ರಿಸ್ಕೊದ ಶಾಲೆಗಳಲ್ಲಿ ಆ ಸಾಲಿಗೆ ಬರುವುದು ನಮ್ಮ ಪಿಯುಸಿ ರ್‍ಯಾಂಕಿನಷ್ಟೇ ಕಷ್ಟ.

ಆರು ಗಂಟೆಯೊಳಗೆ ಹುಬ್ಬಳ್ಳಿಯಿಂದ ವೀಣಕ್ಕ ಬರೆದಳು. ಅವಳು ದೊಡ್ಡಪ್ಪನ ಮಗಳು, ಚಾರ್ಟರ್ಡ್ ಅಕೌಂಟೆಂಟ್. ಮದುವೆಯ ಊಟದಲ್ಲೂ ಅಡುಗೆಯವರ ಬಿಲ್ಲು ಕೇಳಿ ನೋಡುವವಳು.

“ಅತ್ತೆ, ಇದು ಯಾವ ರಾಜ್ಯದ, ಯಾವ ವರ್ಷದ ನಿಯಮ? ಬರೆದವರು ಯಾರು? ಅಮೆರಿಕದ ಕಾಲೇಜ್ ಬೋರ್ಡ್ ಸಂಸ್ಥೆ ಪ್ರಕಟಿಸಿದ 2024-25ರ ಸರಾಸರಿಯ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸ್ವಂತ ರಾಜ್ಯದವರಿಗೆ ಬೋಧನಾ ಶುಲ್ಕ 11,610 ಡಾಲರ್, ಹೊರರಾಜ್ಯದವರಿಗೆ 30,780, ಖಾಸಗಿ ಕಾಲೇಜಿನಲ್ಲಿ 43,350. ಮಿಷಿಗನ್ ವಿಶ್ವವಿದ್ಯಾಲಯದಂತಹ ಕಡೆ ಹೊರಗಿನವರ ಶುಲ್ಕ 60 ಸಾವಿರ ದಾಟುತ್ತದೆ, ನಿಜ. ಆದರೆ ಒಂದೆರಡು ಹೆಸರುಗಳನ್ನು ನೋಡಿ ಎಲ್ಲ ಕಡೆಯೂ ಹಾಗೆಯೇ ಎನ್ನಲಾಗದು.”

ಅತ್ತೆ ಉತ್ತರಿಸಿದ್ದು ಅಂಕಿಗಳಿಗಲ್ಲ. “ಹಿರಿಯರು ಒಳ್ಳೆಯದಕ್ಕೆಂದು ಕಳುಹಿಸಿದ್ದನ್ನು ಲೆಕ್ಕ ತಪಾಸಣೆಗೆ ಕೂರಿಸುವುದು ಈಗಿನವರ ಪದ್ಧತಿ” ಎಂದು ಬರೆದು ಕೈಮುಗಿಯುವ ಚಿತ್ರವೊಂದನ್ನು ಹಾಕಿದರು.

ಆಗ ದೊಡ್ಡಪ್ಪ ಬಂದರು. “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಮನೆಯ ಬಾಗಿಲಲ್ಲೇ ಕಾಲೇಜು ಇರುವಾಗ ಸಾವಿರಾರು ಕಿಲೋಮೀಟರ್ ಆಚೆಗೆ ಮಗಳನ್ನು ಸಾಲ ಮಾಡಿ ಕಳುಹಿಸುವುದು ವಿವೇಕವಲ್ಲ. ಸಾಲ ಕೊಡುವವನ ಮುಖ ಬೇರೆ, ವಸೂಲಿಗೆ ಬರುವವನ ಮುಖ ಬೇರೆ. ಇದನ್ನು ನಾನು ಮೇಜಿನ ಆ ಬದಿಯಲ್ಲಿ ಕುಳಿತು ಕಂಡಿದ್ದೇನೆ.”

ಸಾಲದ ಮಾತನ್ನು ಯಾರೂ ಎತ್ತಿರಲಿಲ್ಲ. ಅಲ್ಲದೆ ಚಿಕ್ಕಪ್ಪನ ಕುಟುಂಬ ಇನ್ನೂ ಉದ್ಯೋಗದ ಎಚ್-1ಬಿ ವೀಸಾದಲ್ಲಿದೆ, ಅನಘಾ ಅದರ ಅವಲಂಬಿತರಿಗೆ ಸಿಗುವ ಎಚ್-4ನಲ್ಲಿದ್ದಾಳೆ. ಆ ವೀಸಾದ ವಿದ್ಯಾರ್ಥಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲವೂ ಇಲ್ಲ, ಅನುದಾನವೂ ಇಲ್ಲ. ಆದರೂ ಮಾತು ಅಲ್ಲಿಂದ ಸಾಲದ ಕಡೆಗೇ ಹೊರಳಿತು.

ಚಿಕ್ಕಪ್ಪ ಬರೆದರು: “ಅಣ್ಣ, ಮನೆ ಬಾಗಿಲಿನ ಕಾಲೇಜಿಗೆ ಹೋಗಲಿಲ್ಲವೆಂಬ ಮಾತು 1996ರಲ್ಲಿ ನನಗೂ ಬಂದಿತ್ತು. ಅದನ್ನು ಈಗ ಅನಘಾಳ ಹೆಸರಿನಲ್ಲಿ ಮತ್ತೆ ಹೇಳಬೇಕಾಗಿಲ್ಲ.”

ನಮ್ಮಲ್ಲಿ 1996 ಎಂದರೆ ಚಿಕ್ಕಪ್ಪನ ಪೇಮೆಂಟ್ ಸೀಟಿಗಾಗಿ ಅಡಿಕೆ ತೋಟವನ್ನು ಅಡವಿಟ್ಟ ವರ್ಷ. ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆ ಮೌನವನ್ನು ಮುರಿದವನು ಅತ್ತೆಯ ಮಗ ಮಧು, ಎಂದಿನಂತೆ ದಾವಣಗೆರೆಯ ಹಾಸ್ಟೆಲನ್ನು ಹಿಡಿದುಕೊಂಡು.

“ಶುಲ್ಕದ ಮಾತು ಬಂದಾಗ ನೆನಪಾಯಿತು. ನಮ್ಮ ಹಾಸ್ಟೆಲಿನಲ್ಲಿ ಡಿವೈಡಿಂಗ್ ಮೆಸ್ ಇತ್ತು. ತಿಂಗಳ ಖರ್ಚನ್ನು ಉಂಡವರ ತಲೆಗೆ ಹಂಚುತ್ತಿದ್ದರು. ಊರಿಗೆ ಹೋಗುವವರು ರಿಜಿಸ್ಟರಿನಲ್ಲಿ ಬರೆದು ಹೋಗದಿದ್ದರೆ ತಿನ್ನದ ಊಟಕ್ಕೂ ದುಡ್ಡು. ಕಾಲೇಜಿನ ಫೀಸು ಅಪ್ಪನಿಗೆ ಬಾಯಿಪಾಠವಾಗಿತ್ತು, ಮೆಸ್ ಬಿಲ್ಲು ಮಾತ್ರ ಪ್ರತಿ ತಿಂಗಳೂ ಹೊಸ ಆಘಾತ. ಬೆಣ್ಣೆ ದೋಸೆಯ ಲೆಕ್ಕವನ್ನು ನಾನು ಹೇಳುವುದಿಲ್ಲ.”

ಮಧುವಿನ ಹಳಹಳಿಕೆಯಲ್ಲಿ ಆ ದಿನದ ತಿರುಳು ಇತ್ತೆಂಬುದು ನನ್ನ ಅಭಿಪ್ರಾಯ. ವೀಣಕ್ಕ ಕೂಡಲೇ ಅದನ್ನು ಹಿಡಿದು ತನ್ನ ದೊಡ್ಡ ಸಂದೇಶವನ್ನು ಹಾಕಿದಳು.

“ಮಧು ಹೇಳಿದ್ದೇ ಸರಿ. ವಿಶ್ವವಿದ್ಯಾಲಯದ ಪುಟದಲ್ಲಿರುವ ಒಟ್ಟು ವೆಚ್ಚದಲ್ಲಿ ಎರಡು ಬಗೆ ಇವೆ. ಶುಲ್ಕ, ಕೊಠಡಿ, ಊಟ ಇವುಗಳಿಗೆ ಅವರು ಬಿಲ್ಲು ಕಳುಹಿಸುತ್ತಾರೆ. ಪುಸ್ತಕ, ಪ್ರಯಾಣ, ಕೈಖರ್ಚು ಎಂಬುವು ಅವರ ಅಂದಾಜು ಮಾತ್ರ. ಚಳಿಗಾಲಕ್ಕೆ ಮಗಳು ಎಷ್ಟು ಬಾರಿ ಮನೆಗೆ ಬರುತ್ತಾಳೆಂಬುದರ ಮೇಲೆ ಅದು ಏರಿಳಿಯುತ್ತದೆ. ಪರ್ಡ್ಯೂ 2013ರಿಂದ ಬೋಧನಾ ಶುಲ್ಕವನ್ನು ಏರಿಸಿಲ್ಲ. ಇಂಡಿಯಾನಾದವರಿಗೆ 9,992, ಹೊರಗಿನವರಿಗೆ 28,794 ಡಾಲರ್. ಎಂಜಿನಿಯರಿಂಗ್‌ಗೆ ಸುಮಾರು 2 ಸಾವಿರ ಹೆಚ್ಚುವರಿ. ಊಟ, ವಸತಿ, ಇಂಡಿಯಾನಾಪೊಲಿಸ್‌ಗೆ ವಿಮಾನ, ಅಲ್ಲಿಂದ ಬಸ್ಸು ಎಲ್ಲ ಸೇರಿಸಿ ವರ್ಷಕ್ಕೆ 45 ಸಾವಿರ ಎಂದು ಹಿಡಿದಿದ್ದೇನೆ. ಯುಟಿ ಡಲ್ಲಾಸ್‌ಗೆ ಮನೆಯಿಂದಲೇ ಹೋದರೆ 21 ಸಾವಿರ. ನಾಲ್ಕು ವರ್ಷಕ್ಕೆ ವ್ಯತ್ಯಾಸ 96 ಸಾವಿರ ಡಾಲರ್. 85 ರೂಪಾಯಿಯ ಲೆಕ್ಕದಲ್ಲಿ 81 ಲಕ್ಷದ ಮೇಲೆ.

“ಇನ್ನು ಒಂದು ವರ್ಷದ ಗುಟ್ಟು. ಓದುವುದಕ್ಕೆಂದೇ ಬಂದು ಕಳೆದ ಕಾಲವನ್ನು ಹೆಚ್ಚಿನ ರಾಜ್ಯಗಳು ವಾಸವೆಂದು ಪರಿಗಣಿಸುವುದಿಲ್ಲ. ತಂದೆತಾಯಿಯ ಆಶ್ರಯದಲ್ಲಿರುವ ಮಗುವಿನ ನಿವಾಸ ತಂದೆತಾಯಿ ಇರುವ ರಾಜ್ಯವೇ. ನಮ್ಮ ಸಿಇಟಿಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂದು ಕೇಳುವಂತೆ ಅಲ್ಲಿಯೂ ಕೇಳುವವರಿದ್ದಾರೆ. ಲೈಸೆನ್ಸ್ ತೋರಿಸಿದರೆ ಮುಗಿಯುವುದಿಲ್ಲ. ಪಶ್ಚಿಮದ ರಾಜ್ಯಗಳ ನಡುವೆ ಸ್ಥಳೀಯ ಶುಲ್ಕದ ಒಂದೂವರೆ ಪಟ್ಟಿಗೆ ಸೀಟು ಕೊಡುವ ಒಪ್ಪಂದವಿದೆ, ಅಲಬಾಮಾದಂತಹ ಕಡೆ ಅಂಕ ನೋಡಿ ಹೊರಗಿನವರಿಗೂ ದೊಡ್ಡ ರಿಯಾಯಿತಿ ಕೊಡುತ್ತಾರೆ. ಟೆಕ್ಸಸ್‌ನ ಅನಘಾಳಿಗೆ ಮೊದಲನೆಯದು ಅನ್ವಯಿಸದು, ಎರಡನೆಯ ಕಡೆಗೆ ಅವಳು ಅರ್ಜಿಯನ್ನೇ ಹಾಕಿಲ್ಲ.”

ಈ ಸಂದೇಶವನ್ನು ಕೊನೆಯವರೆಗೆ ಓದಿದವರು ಇಬ್ಬರೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅತ್ತೆ ಓದಿದ್ದು “ಗುಟ್ಟು” ಎಂಬಲ್ಲಿಯವರೆಗೆ. “ಹಾಗಾದರೆ ನಾನು ಸುಳ್ಳು ಹರಡಿದೆನೆಂದೇ ನಿನ್ನ ಅರ್ಥವೇ, ವೀಣಾ?” ದೊಡ್ಡಪ್ಪ ಓದಿದ್ದು 81 ಲಕ್ಷವನ್ನು. “ಆ ಹಣಕ್ಕೆ ತೀರ್ಥಹಳ್ಳಿಯಲ್ಲಿ ಎಷ್ಟು ಎಕರೆ ತೋಟ ಬರುತ್ತದೆಂದು ಶಂಕರನೇ ಲೆಕ್ಕ ಹಾಕಲಿ.”

ಇಡೀ ಲೆಕ್ಕವನ್ನು ಓದಿದ ಇನ್ನೊಬ್ಬರು ಚಿಕ್ಕಮ್ಮ. ಅವರು ಗುಂಪಿನಲ್ಲಿ ಬರೆಯುವುದೇ ಅಪರೂಪ.

“ವೀಣಾ, ನಿನ್ನ 21 ಸಾವಿರದಲ್ಲಿ ಹದಿನೆಂಟರ ಹುಡುಗಿಯ ಕಾರು ವಿಮೆ ಸರಿಯಾಗಿ ಬಂದಿಲ್ಲ, ಇಲ್ಲಿ ಆ ವಯಸ್ಸಿನವರಿಗೆ ಅದು ನಮ್ಮಿಬ್ಬರದಕ್ಕಿಂತ ಹೆಚ್ಚು. ಮನೆಯಲ್ಲಿದ್ದರೆ ಊಟಕ್ಕೆ ಖರ್ಚಿಲ್ಲವೆಂದು ನೀನು ಬಿಟ್ಟಂತಿದೆ, ಆದರೆ ಅವಳು ಉಣ್ಣುತ್ತಾಳೆ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಎಚ್-4ನಲ್ಲಿ ಅವಳು ಕ್ಯಾಂಪಸ್ಸಿನ ಗ್ರಂಥಾಲಯದಲ್ಲೂ ದುಡಿಯುವಂತಿಲ್ಲ, ಬೇಸಿಗೆಯಲ್ಲಿ ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. 21 ತುಂಬಿದ ಮೇಲೆ ನಮ್ಮ ವೀಸಾದ ನೆರಳಿನಲ್ಲಿ ಇರುವಂತಿಲ್ಲ. ಗ್ರೀನ್ ಕಾರ್ಡ್ ಸರದಿ ಅಷ್ಟರೊಳಗೆ ಬರುವುದಿಲ್ಲ, ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾಗಬೇಕು. ಆಗ ಟೆಕ್ಸಸ್‌ನ ಸ್ಥಳೀಯ ಶುಲ್ಕ ಅವಳಿಗೆ ಮುಂದುವರಿಯುತ್ತದೆಯೇ ಎಂದು ಯುಟಿ ಡಲ್ಲಾಸ್‌ನ ಕಚೇರಿಗೆ ಪತ್ರ ಬರೆದಿದ್ದೇವೆ. ಮುಂದುವರಿಯದಿದ್ದರೆ ನಿನ್ನ 96 ಸಾವಿರದ ವ್ಯತ್ಯಾಸ ಅಷ್ಟರ ಮಟ್ಟಿಗೆ ಕರಗುತ್ತದೆ. ಪರ್ಡ್ಯೂದಲ್ಲಿ ಆ ಚಿಂತೆಯಿಲ್ಲ, ಅಲ್ಲಿ ಮೊದಲಿನಿಂದಲೇ ಹೊರಗಿನವಳ ಶುಲ್ಕ.”

ವೀಣಕ್ಕ ಅದನ್ನು ಒಪ್ಪಿ, 21ರ ನಂತರದ ವರ್ಷಗಳಿಗೆ ಬೇರೆ ಸಾಲು ಹಾಕಿ, ಪದವಿ ಐದನೆಯ ವರ್ಷಕ್ಕೆ ಎಳೆದರೆ ಏನಾಗುವುದೆಂಬುದನ್ನೂ ಸೇರಿಸಿ ಹೊಸ ಪಟ್ಟಿ ಕಳುಹಿಸುವುದಾಗಿ ಬರೆದಳು. ಕಚೇರಿಯ ಉತ್ತರ ಮೇ 1ರೊಳಗೆ ಬಂದರೆ ಒಳ್ಳೆಯದು, ಆ ದಿನದೊಳಗೆ ಯಾವುದಾದರೊಂದು ಕಡೆ ಠೇವಣಿ ಕಟ್ಟಬೇಕು ಎಂದು ಚಿಕ್ಕಮ್ಮ ತಿಳಿಸಿದರು. ಅದರ ಕೆಳಗೆ ಚಿಕ್ಕಪ್ಪನ ಸಂದೇಶ ಬಂತು. ವೀಸಾ, ಶುಲ್ಕ, ಠೇವಣಿ ಯಾವುದರ ಬಗೆಗೂ ಅಲ್ಲ.

“ತೋಟದ ಮಾತನ್ನು ಅಣ್ಣನೇ ಎತ್ತಿದ್ದರಿಂದ ಕೇಳುತ್ತೇನೆ. 1996ರ ಆ ಸಾಲದ ಕೊನೆಯ ಮೂರು ಕಂತುಗಳನ್ನು ಕಟ್ಟಿದವರು ಯಾರೆಂಬುದನ್ನು ಅವರು ಇದೇ ಗುಂಪಿನಲ್ಲಿ, ಪೂರ್ಣ ವಾಕ್ಯದಲ್ಲಿ ಬರೆಯಲಿ.”

“ರಸೀದಿಗಳು ನನ್ನ ಬಳಿ ಇವೆ,” ಎಂದು ಕಮಲತ್ತೆ ಬರೆದರು.