ಮುತ್ತಜ್ಜ ಯುದ್ಧಕ್ಕೆ ಹೋಗಿದ್ದರಂತೆ: ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಕೇಳಿದವರು, ಚನ್ನರಾಯಪಟ್ಟಣದ ಕಡೆಯವರು

ನಮ್ಮ ಮುತ್ತಜ್ಜ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದರಂತೆ. ಮೊದಲ ಮಹಾಯುದ್ಧದಲ್ಲಿ ಹಡಗು ಹತ್ತಿ ಹೋಗಿ, ಪ್ಯಾಲೆಸ್ಟೈನಿನ ಹೈಫಾ ಪಟ್ಟಣ ಗೆದ್ದು, ಜೀವಂತವಾಗಿ ವಾಪಸು ಬಂದರಂತೆ. ಮನೆಯಲ್ಲಿ ಉಳಿದಿರುವುದು ಈ ‘ಅಂತೆ’ಗಳು ಮತ್ತು ಒಂದು ಬೆಳ್ಳಿಯ ಬಿಲ್ಲೆ, ಅಷ್ಟೇ. ಊರಿನಿಂದ ಇನ್ನೂ ಕೆಲವರು ಹೋಗಿದ್ದರೆಂದು ಹಿರಿಯರು ಹೇಳುತ್ತಾರೆ. ಎಲ್ಲರ ಹೆಸರು ಹುಡುಕಿ ಊರಿನಲ್ಲಿ ಒಂದು ಗುರುತು ಇಡಬೇಕು, ನಾಲ್ಕು ಜನರಿಗೆ ತಿಳಿಸಬೇಕು ಎಂದಿದ್ದೇನೆ. ಇಂಥ ಕೆಲಸ ಮಾಡಿದವರು ದಾರಿ ಹೇಳಿ.

ಬೆಂಗಳೂರಿನ ನಿವೃತ್ತ ಬ್ಯಾಂಕ್ ಉದ್ಯೋಗಿ

ಮೊದಲು ಆ ಬಿಲ್ಲೆಯನ್ನು ಕೈಗೆ ತೆಗೆದುಕೊಳ್ಳಿ. ಹುಣಸೆಹಣ್ಣು ಹಾಕಿ ತಿಕ್ಕುವ ಉತ್ಸಾಹ ಮನೆಯಲ್ಲಿ ಯಾರಿಗಾದರೂ ಬಂದರೆ ತಡೆಯಿರಿ. ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ಬೆತ್ತಲೆ ಕುದುರೆ ಸವಾರನ ಚಿತ್ರ ಮತ್ತು 1914, 1918 ಎಂಬ ಇಸವಿಗಳಿದ್ದರೆ ಅದು ಬ್ರಿಟಿಷ್ ವಾರ್ ಮೆಡಲ್. ಎಲ್ಲರೂ ಈ ಎರಡು ಮುಖಗಳನ್ನು ನೋಡಿ, ಫೋಟೊ ತೆಗೆದು ಒಳಗಿಡುತ್ತಾರೆ. ನಿಮಗೆ ಬೇಕಾದದ್ದು ಮುಖದಲ್ಲಿಲ್ಲ, ಅಂಚಿನಲ್ಲಿದೆ. ಬಿಲ್ಲೆಯ ದಪ್ಪದ ಮೇಲೆ, ಸುತ್ತಲೂ, ಸಣ್ಣ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ತುಕಡಿ ಒತ್ತಿರುತ್ತಾರೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದು ಬಿಲ್ಲೆಯನ್ನು ನಿಧಾನವಾಗಿ ತಿರುಗಿಸಿ. ಸವೆದ ಅಕ್ಷರವೂ ನೆರಳು ಬಿದ್ದು ಎದ್ದು ಕಾಣುತ್ತದೆ. ನಮ್ಮ ದೊಡ್ಡಜ್ಜನ ಪದಕವನ್ನು ವರ್ಷ ವರ್ಷವೂ ಆಯುಧಪೂಜೆಗೆ ಬೆಳಗಿ ಬೆಳಗಿ ಅರ್ಧ ಹೆಸರು ಹೋಗಿತ್ತು. ಸಂಖ್ಯೆ ಉಳಿದಿತ್ತು, ಅದೇ ನಮ್ಮ ಪುಣ್ಯ.

ಬಿಲ್ಲೆ ಕಂಚಿನದಾಗಿದ್ದು ರೆಕ್ಕೆಯ ದೇವತೆ ಇದ್ದರೆ ಅದು ವಿಕ್ಟರಿ ಮೆಡಲ್. ಅದರ ಅಂಚಿನಲ್ಲೂ ಹೆಸರಿರುತ್ತದೆ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ಭಾರತದ ಸೈನಿಕರಿಗೆ ಹೆಸರು ಒತ್ತಿಯೇ ಕೊಟ್ಟರು. ಆ ಒಂದು ವಿಷಯದಲ್ಲಿ ನಾವೇ ಅದೃಷ್ಟವಂತರು.

ಅಕ್ಕಸಾಲಿಗರ ಮೂಸೆಗೆ ಹೋದ ಪದಕಗಳ ಲೆಕ್ಕ ಯಾರೂ ಇಟ್ಟಿಲ್ಲ. ಬೆಳ್ಳಿ ಬೆಳ್ಳಿಯೇ ತಾನೆ, ಮಗಳ ಮದುವೆಗೆ ಕಾಲುಂಗುರವಾಯಿತು. ಊರಿನ ಬೇರೆ ಮನೆಗಳಲ್ಲಿ ವಿಚಾರಿಸುವಾಗ “ಪದಕ ಇದೆಯೇ” ಎಂದು ಕೇಳಬೇಡಿ, ಇಲ್ಲ ಎನ್ನುತ್ತಾರೆ. “ರಾಜನ ಮುಖ ಇರುವ ದೊಡ್ಡ ನಾಣ್ಯ ಇದೆಯೇ” ಎಂದು ಕೇಳಿ. ದೇವರ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಆದರೆ ಅದು ಸತ್ತವರ ಪಟ್ಟಿ ಮಾತ್ರ. ಮೊದಲ ಯುದ್ಧಕ್ಕಾದರೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ತೀರಿಕೊಂಡವರು. ನಿಮ್ಮ ಮುತ್ತಜ್ಜ ಮರಳಿ ಬಂದವರು, ಅಲ್ಲಿ ಸಿಗುವುದಿಲ್ಲ. ಸಿಗಲಿಲ್ಲವೆಂದು “ಮನೆಯ ಮಾತು ಸುಳ್ಳು” ಎಂದುಕೊಂಡು ಕೈಬಿಟ್ಟವರನ್ನು ನೋಡಿದ್ದೇನೆ. ಊರಿನಿಂದ ಹೋಗಿ ಮರಳದವರಿದ್ದರೆ ಅವರಿಗಾಗಿ ಅಲ್ಲಿ ನೋಡಿ. ಹೆಸರಿನಿಂದ ಹುಡುಕಿದರೆ ದಣಿಯುತ್ತೀರಿ. ಸಿದ್ದಪ್ಪನನ್ನು ಗುಮಾಸ್ತ ಯಾವ ಸ್ಪೆಲಿಂಗಿನಲ್ಲಿ ಬರೆದನೋ ದೇವರೇ ಬಲ್ಲ. ತುಕಡಿಯ ಹೆಸರು ಕೊಟ್ಟು ಇಡೀ ಪಟ್ಟಿ ತೆಗೆದು, ತಂದೆಯ ಹೆಸರು, ಊರಿನ ಹೆಸರು ನೋಡುತ್ತಾ ಹೋಗಿ.

ಹಾಸನದ ಇತಿಹಾಸ ಅಧ್ಯಾಪಕಿ

ಹೈಫಾ ಎಂಬ ಹೆಸರಿನ ಬಗ್ಗೆ ಸ್ವಲ್ಪ ಎಚ್ಚರ. ಮೈಸೂರು ಲ್ಯಾನ್ಸರ್ಸ್, ಅಂದರೆ ನೀವು ಹೇಳಿದ ಕುದುರೆ ಪಡೆ, ಅದರಲ್ಲಿದ್ದವರ ಮನೆಗಳಲ್ಲೆಲ್ಲ ಈಗ “ಅಜ್ಜ ಹೈಫಾ ಗೆದ್ದರು” ಎಂಬ ಕಥೆಯೇ ಇದೆ. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರು ಸೇರಿದ ಮೇಲಂತೂ ಹೆಚ್ಚಾಯಿತು. ಕದನ ನಡೆದದ್ದು ನಿಜ, 1918ರ ಸೆಪ್ಟೆಂಬರ್ 23ರಂದು. ಜೋಧಪುರದ ಸವಾರರು ಕಿಶೋನ್ ಹೊಳೆಗೂ ಕಾರ್ಮೆಲ್ ಬೆಟ್ಟಕ್ಕೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿದರು. ಮೈಸೂರಿನವರ ಒಂದು ಭಾಗ ಬೆಟ್ಟದ ಇಳಿಜಾರನ್ನು ಹತ್ತಿ ಮೇಲಿದ್ದ ತೋಪುಗಳ ಬಾಯಿ ಮುಚ್ಚಿಸಿತು. ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆಯ ಮೇಲೆ ಹೋಗಿ ಒಂದು ಬಂದರು ಪಟ್ಟಣವನ್ನು ಹಿಡಿದದ್ದು ಸಣ್ಣ ಮಾತಲ್ಲ. ಆದರೂ ಆ ದಿನ ಸತ್ತವರು ಇಡೀ ಬ್ರಿಗೇಡಿನಲ್ಲಿ ಎಂಟು ಮಂದಿ. ಸತ್ತ ಕುದುರೆಗಳು ಅರವತ್ತು.

ಇದಾಗಿ ತಿಂಗಳ ಮೇಲೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಊರಿನ ಆಚೆ ಹರಿತಾನ್ ಎಂಬಲ್ಲಿ ಇದೇ ಮೈಸೂರು ಮತ್ತು ಜೋಧಪುರದ ಸವಾರರು ತಮಗಿಂತ ತುಂಬ ದೊಡ್ಡ ತುರ್ಕಿ ಪಡೆಯ ಮೇಲೆ ಬಿದ್ದರು. ಅಲ್ಲಿ ಸತ್ತವರು ಹೈಫಾದಲ್ಲಿ ಸತ್ತವರಿಗಿಂತ ಹೆಚ್ಚು. ನಾಲ್ಕೇ ದಿನಗಳಲ್ಲಿ ಮುದ್ರೋಸ್‌ನಲ್ಲಿ ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿತ್ತು. ಹರಿತಾನ್ ಹೆಸರಿನಲ್ಲಿ ನಮ್ಮಲ್ಲಿ ಯಾವ ವೃತ್ತವೂ ಇಲ್ಲ. ನನ್ನ ತರಗತಿಯಲ್ಲಿ ಕೇಳಿದರೆ ಒಂದು ಕೈಯೂ ಏಳುವುದಿಲ್ಲ.

ಇವೆರಡಕ್ಕೂ ಹಿಂದೆ ನಾಲ್ಕು ವರ್ಷಗಳಿವೆ. ಮೈಸೂರಿನ ಸವಾರರು 1914ರಲ್ಲೇ ಈಜಿಪ್ಟಿಗೆ ಹೋದವರು. ಹೆಚ್ಚಿನ ಕಾಲ ಅವರು ಮಾಡಿದ್ದು ಸೂಯೆಜ್ ಕಾಲುವೆಯ ಕಾವಲು, ಮರಳಿನಲ್ಲಿ ಗಸ್ತು, ಕುದುರೆಗೆ ನೀರು. ನಿಮ್ಮ ಮುತ್ತಜ್ಜ ಹೈಫಾದ ದಿನ ಆಸ್ಪತ್ರೆಯಲ್ಲಿದ್ದಿರಬಹುದು, ಹಿಂದೆ ಉಳಿದ ತುಕಡಿಯಲ್ಲಿದ್ದಿರಬಹುದು. ಹಾಗಿದ್ದರೆ ಅವರ ಬೆಲೆ ಕಡಿಮೆಯಾಗುತ್ತದೆಯೇ? ದಾಖಲೆ ಸಿಗುವವರೆಗೆ “ಮೈಸೂರು ಲ್ಯಾನ್ಸರ್ಸ್, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್” ಎಂದಷ್ಟೇ ಬರೆಯಿರಿ. ಹೈಫಾ ಎಂದು ಕಲ್ಲಿನಲ್ಲಿ ಕೆತ್ತಿಸಿದ ಮೇಲೆ ತಿದ್ದುವುದು ಕಷ್ಟ.

ಬೆಂಗಳೂರಿಗೆ ಬಂದಾಗ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕವನ್ನು ನೋಡಿ. ಆ ದಾರಿಯಲ್ಲಿ ದಿನವೂ ಓಡಾಡುವವರಿಗೇ ಅದು ಏನೆಂದು ತಿಳಿದಿಲ್ಲ. ಮಹಾರಾಜರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟದ್ದು ಪುಸ್ತಕಗಳಲ್ಲಿ ತಪ್ಪದೆ ಸಿಗುತ್ತದೆ. ಕುದುರೆಯ ಮೇಲೆ ಕೂತು ಹೋದವರ ಹೆಸರು ಹುಡುಕಲು ಮಾತ್ರ ನಿಮ್ಮಂಥವರು ಬಿಸಿಲಿನಲ್ಲಿ ಅಲೆಯಬೇಕು. ಸಂಸ್ಥಾನದ ಕಡತಗಳಿಗಾಗಿ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ವ್ಯಕ್ತಿಯ ಹೆಸರು ಹೇಳಿ ಕಡತ ಕೇಳಿದರೆ ಯಾರಿಗೂ ಕೊಡಲಾಗದು. ಸೂಚಿ ಪುಸ್ತಕಗಳನ್ನು ನೀವೇ ಕೂತು ನೋಡಬೇಕು. ಪಿಂಚಣಿ, ಜಮೀನು ಮಂಜೂರು, ವಿಧವೆಯ ಅರ್ಜಿ ಎಂಬ ತಲೆಬರಹಗಳ ಕೆಳಗೆ ಸಾಮಾನ್ಯ ಸವಾರರು ಸಿಗುತ್ತಾರೆ, ಯುದ್ಧದ ತಲೆಬರಹದಲ್ಲಿ ಅಧಿಕಾರಿಗಳು ಮಾತ್ರ.

ಬೆಳಗಾವಿಯ ನಿವೃತ್ತ ಸುಬೇದಾರ್

ಚುಟುಕಾಗಿ ಹೇಳುತ್ತೇನೆ. ಸಂಖ್ಯೆ, ದರ್ಜೆ, ತುಕಡಿ. ಈ ಮೂರು ಇಲ್ಲದೆ ಯಾವ ಕಚೇರಿಗೆ ಬರೆದರೂ ಉತ್ತರ ಬರುವುದಿಲ್ಲ, ಬಂದರೂ “ವಿವರ ಸಾಲದು” ಎಂದು ಬರುತ್ತದೆ. ಸ್ವಾತಂತ್ರ್ಯದ ನಂತರ ಸೇವೆಯಲ್ಲಿದ್ದವರಾದರೆ ಡಿಸ್ಚಾರ್ಜ್ ಪುಸ್ತಕ ಅಥವಾ ಪಿಂಚಣಿ ಆದೇಶದ ಸಂಖ್ಯೆ ಹುಡುಕಿ, ಆಯಾ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಿರಿ. ಮೈಸೂರಿನ ಪಡೆಗಳು ಮಾಯವಾಗಲಿಲ್ಲ, ಹೆಸರು ಬದಲಾಯಿಸಿಕೊಂಡವು. ಲ್ಯಾನ್ಸರ್ಸ್ ಭಾರತೀಯ ಸೇನೆಯ ಕುದುರೆ ಪಡೆಯಾದ 61ನೇ ಕ್ಯಾವಲ್ರಿಯಲ್ಲಿ ಸೇರಿತು, ಅವರು ಇಂದಿಗೂ ಸೆಪ್ಟೆಂಬರ್ 23ನ್ನು ಆಚರಿಸುತ್ತಾರೆ. ಒಂದನೇ ಮೈಸೂರು ಇನ್‌ಫೆಂಟ್ರಿ, ಅಂದರೆ ಕಾಲಾಳು ಪಡೆ, ಈಗ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್.

ಈ ಇನ್‌ಫೆಂಟ್ರಿಯವರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಎರಡನೇ ಯುದ್ಧದಲ್ಲಿ ಅವರು ಸಿಂಗಪುರದಲ್ಲಿದ್ದರು. 1942ರ ಫೆಬ್ರವರಿ 15ರಂದು ಅಲ್ಲಿನ ಸೇನೆಯೆಲ್ಲ ಶರಣಾಯಿತು, ಇವರೂ ಸೆರೆಯಾದರು. ಸೋತ ಯುದ್ಧದವರನ್ನು, ಸೆರೆಯಲ್ಲಿದ್ದವರನ್ನು ಮೆರವಣಿಗೆಗೆ ಕರೆಯುವವರಿಲ್ಲ. ನಿಮ್ಮ ಊರಿನ ಪಟ್ಟಿಯಲ್ಲಿ ಅಂಥವರು ಸಿಕ್ಕರೆ ಬಿಡಬೇಡಿ.

ವಿರಾಜಪೇಟೆಯಿಂದ ಒಬ್ಬರು

ನಮ್ಮ ಕಡೆ ಸೈನಿಕರಿಲ್ಲದ ಮನೆ ಅಪರೂಪ, ಹಾಗಾಗಿ ಕೊಡಗಿನಲ್ಲಿ ಮರೆವು ಇಲ್ಲ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮರಳಲಿಲ್ಲ. ನಮ್ಮವರಿಗೆ ತಿಳಿದದ್ದು ಅಷ್ಟೇ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಅವರು ಹೊಡೆದು ಕೆಡವಿದ್ದರು ಎಂಬುದು ಹೊರಗೆ ಬಂದದ್ದು ವರ್ಷಗಳ ನಂತರ, ಅದೂ ಗಡಿಯಾಚೆಯ ದಾಖಲೆಗಳನ್ನು ನೋಡಿ ಬರೆದ ವಿದೇಶಿ ಲೇಖಕರೊಬ್ಬರ ಮೂಲಕ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ಅಧಿಕಾರಿಯ ಪಾಡೇ ಹೀಗಾದರೆ ಸವಾರನ ಪಾಡು ಊಹಿಸಿ. ನಾನು ಹೇಳುವುದು ಇಷ್ಟು: ಎದುರು ಪಕ್ಷ ಏನು ಬರೆದಿಟ್ಟಿದೆ ಎಂದೂ ನೋಡಿ. ನಮ್ಮವರನ್ನು ಸುಮ್ಮನೆ ಹೊಗಳಲು ಅವರಿಗೆ ಕಾರಣವಿಲ್ಲ, ಅದಕ್ಕೇ ಆ ಸಾಕ್ಷಿಗೆ ತೂಕ.

ಮೈಸೂರಿನ ಗೃಹಿಣಿ

ಎಲ್ಲರೂ ಸವಾರರು, ಸಿಪಾಯಿಗಳು ಎನ್ನುತ್ತಿದ್ದೀರಿ. ನನ್ನ ತಾಯಿಯ ತಾತ ಯುದ್ಧಕ್ಕೆ ಹೋದದ್ದು ಹೇಸರಗತ್ತೆ ನಡೆಸಲು. ಬಂದೂಕು ಹಿಡಿಯಲಿಲ್ಲ. ಅಡುಗೆಯವರು, ಅಗಸರು, ನೀರು ಹೊರುವವರು, ಗಾಡಿಯವರು ಹೀಗೆ ಎಷ್ಟೋ ಮಂದಿ ಹೋದರು. ಸೈನಿಕರಿಗೆ ಬೆಳ್ಳಿಯಲ್ಲಿ ಕೊಟ್ಟ ಅದೇ ಪದಕವನ್ನು ಇವರಿಗೆ ಕಂಚಿನಲ್ಲಿ ಕೊಟ್ಟರು. ಸತ್ತರೆ ಅದೂ ಅಷ್ಟಕ್ಕಷ್ಟೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತದ ಅಧಿಕಾರಿಗಳ ಹೆಸರನ್ನೂ ಕೆತ್ತಿದರು, ಉಳಿದ ಭಾರತೀಯರನ್ನು ತುಕಡಿಗೆ ಇಷ್ಟು ಮಂದಿ ಎಂದು ಸಂಖ್ಯೆಯಲ್ಲಿ ಮುಗಿಸಿದರು. ಮೇಲೆ ಹೇಳಿದ ವಾರ್ ಗ್ರೇವ್ಸ್ ಕಮಿಷನ್ನೇ 2021ರಲ್ಲಿ ಇದನ್ನು ಒಪ್ಪಿಕೊಂಡಿತು. ಇದಲ್ಲದೆ, ಮುಖ್ಯವಾಗಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನ, ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಿಲ್ಲ, ಬಹುಶಃ ಸ್ಮರಿಸಿಯೇ ಇಲ್ಲ, ಆ ಸಂಖ್ಯೆ 3,50,000 ಮುಟ್ಟಬಹುದು ಎಂದು ಅವರ ವರದಿಯಲ್ಲೇ ಇದೆ.

ಊರಿನಲ್ಲಿ ವಿಚಾರಿಸುವಾಗ ಹೆಂಗಸರನ್ನು ಕೇಳಿ. ಗಂಡಸರು ಯುದ್ಧದ ಕಥೆ ಹೇಳುತ್ತಾರೆ, ಹೆಂಗಸರು ಮನೆಗೆ ಹಣ ಯಾವಾಗ ಬರುತ್ತಿತ್ತು, ಯಾವಾಗ ನಿಂತಿತು, ಓಲೆ ಓದಿ ಹೇಳುತ್ತಿದ್ದವರು ಯಾರು ಎಂದು ಹೇಳುತ್ತಾರೆ. ದಾಖಲೆ ಹುಡುಕಲು ಬೇಕಾದ ದಿನಾಂಕ ಇರುವುದು ಅಂಥ ಮಾತಿನಲ್ಲಿ.

ತುಮಕೂರಿನ ಪತ್ರಕರ್ತ

ಗುರುತು ಇಡುವ ವಿಚಾರಕ್ಕೆ ಬರುತ್ತೇನೆ, ಕೆಲಸ ಕೆಡುವುದು ಅಲ್ಲೇ. ಕಲ್ಲು ಎಂದೊಡನೆ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಬಂದು ಕೂರುತ್ತವೆ. ಸೈನಿಕನ ಹೆಸರಿಗಿಂತ ಶಾಸಕರ ಹೆಸರು ದಪ್ಪಕ್ಷರದಲ್ಲಿರುವ ಸ್ಮಾರಕಗಳನ್ನು ನಾನೇ ವರದಿ ಮಾಡಿದ್ದೇನೆ. ನಮ್ಮ ಹಳೆಯ ವೀರಗಲ್ಲುಗಳನ್ನು ನೋಡಿ. ಬೇಗೂರಿನ ಸಾವಿರ ವರ್ಷಕ್ಕೂ ಹಿಂದಿನ ಶಾಸನ ‘ಬೆಂಗಳೂರು ಕಾಳಗ’ದಲ್ಲಿ ಸತ್ತವನ ಹೆಸರು ಹೇಳುತ್ತದೆ. ಯಾರು, ಯಾವ ಕಾಳಗ. ನಿಮ್ಮ ಕಲ್ಲಿಗೂ ಇದರ ಮೇಲೆ ಒಂದು ತುಕಡಿಯ ಹೆಸರು ಸಾಕು. ಮೊದಲ ಯುದ್ಧದ ನಂತರ ದೇಶದ ಹಲವು ಊರುಗಳಲ್ಲಿ “ಈ ಗ್ರಾಮದಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು” ಎಂಬ ಸಣ್ಣ ಫಲಕಗಳನ್ನು ನೆಟ್ಟರು. ನಿಮ್ಮಲ್ಲೂ ಇದ್ದಿರಬಹುದು. ಹಳೆಯ ಶಾಲೆ, ಚಾವಡಿಯ ಗೋಡೆಗಳಲ್ಲಿ ಸುಣ್ಣದ ಕೆಳಗೆ ನೋಡಿ. ಸಿಕ್ಕರೆ ಹೆಸರಿಲ್ಲದ ಆ ಸಂಖ್ಯೆಗೆ ಹೆಸರು ತುಂಬುವುದೇ ನಿಮ್ಮ ಕೆಲಸವಾಗುತ್ತದೆ.

ಜನರಿಗೆ ತಿಳಿಸಬೇಕೆಂದಿರಲ್ಲ, ಪೂರ್ತಿ ಸಿಗುವವರೆಗೆ ಕಾಯಬೇಡಿ. ಸಿಕ್ಕ ನಾಲ್ಕು ಹೆಸರುಗಳನ್ನು ಬರೆದು ಪತ್ರಿಕೆಯ ಜಿಲ್ಲಾ ಪುಟಕ್ಕೆ ಕಳಿಸಿ, ಸೆಪ್ಟೆಂಬರ್ 23ಕ್ಕೆ ವಾರ ಮುಂಚೆ ಕಳಿಸಿದರೆ ನಮ್ಮಂಥವರಿಗೂ ಹಾಕಲು ನೆಪ ಸಿಗುತ್ತದೆ. ಅದೇ ಕಾಗದವನ್ನು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಶಾಲೆಯ ಗೋಡೆಗೆ ಅಂಟಿಸಿ. ಕೆಳಗೆ ಖಾಲಿ ಗೆರೆಗಳನ್ನು ಬಿಡಿ. “ನಮ್ಮಜ್ಜನ ಹೆಸರು ಯಾಕಿಲ್ಲ?” ಎಂದು ಜಗಳಕ್ಕೆ ಬರುವವರೇ ನಿಮಗೆ ಮುಂದಿನ ಮಾಹಿತಿ. ಪ್ರತಿ ಹೆಸರನ್ನೂ ಮುದ್ರಣಕ್ಕೆ ಮೊದಲು ಆಯಾ ಮನೆಯವರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಕೆಲವರ ಮನೆಯಲ್ಲಿ ಅಜ್ಜ ಓಡಿಬಂದವನೆಂಬ ಗುಟ್ಟು ಇರುತ್ತದೆ. ಅದನ್ನು ಬರೆಯುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ಕೇಳಿದವರು

ಬಿಲ್ಲೆ ಅಣ್ಣನ ಮನೆಯಲ್ಲಿದೆ, ಭಾನುವಾರ ಹೋಗಿ ಅಂಚು ನೋಡುತ್ತೇನೆ. ಹೇಸರಗತ್ತೆಯ ಮಾತು ಕೇಳಿ ಒಂದು ವಿಷಯ ನೆನಪಿಗೆ ಬಂತು: ನಮ್ಮೂರಿನಲ್ಲಿ ಒಂದು ಮನೆಯವರನ್ನು ಇಂದಿಗೂ ‘ಬಸ್ರದವರು’ ಎಂದು ಕರೆಯುತ್ತಾರೆ. ಯಾಕೆಂದು ಯಾರೂ ಕೇಳಿರಲಿಲ್ಲ. ಅವರಲ್ಲಿ ಪದಕವಾಗಲಿ ಕಾಗದವಾಗಲಿ ಇಲ್ಲದಿದ್ದರೆ ಮುಂದೇನು ಮಾಡಬೇಕು, ತಿಳಿದವರು ಹೇಳಿ.

ಬೆಂಗಳೂರಿನ ನಿವೃತ್ತ ಬ್ಯಾಂಕ್ ಉದ್ಯೋಗಿ

ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಆ ಮನೆಯ ಜಮೀನಿನ ಹಳೆಯ ಕಾಗದ ತೆಗೆಸಿ, ಸರ್ಕಾರ ಕೊಟ್ಟ ಜಮೀನೇ ನೋಡಿ. ಕೊಟ್ಟದ್ದಾಗಿದ್ದರೆ ಯಾರಿಗೆ, ಯಾವ ಕಾರಣಕ್ಕೆ ಎಂದು ಆದೇಶದಲ್ಲಿ ಬರೆದಿರುತ್ತಾರೆ. ಸರ್ವೆ ನಂಬರ್ ಮೊದಲೇ ಹಿಡಿದುಕೊಂಡು ಹೋಗಿ.