ಸ್ಟ್ಯಾಂಡರ್ಡ್ ಪಿಸ್ತೂಲ್: 10 ಸೆಕೆಂಡ್ ಸರಣಿಯಲ್ಲಷ್ಟೇ ತೋಟಾ ಸಿಕ್ಕಿಕೊಳ್ಳುತ್ತೆ, ಯಾಕೆ?

ಹತ್ತರ ವೃತ್ತ:
.22 ಎಲ್‌ಆರ್ ಸೆಮಿ ಆಟೊಮ್ಯಾಟಿಕ್ ಟಾರ್ಗೆಟ್ ಪಿಸ್ತೂಲು, ಐದು ತೋಟಾದ ಎರಡು ಮ್ಯಾಗಜೀನ್. ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯ ಐದೈದು ಗುಂಡಿನ ಸರಣಿಗಳಲ್ಲಿ 150 ಸೆಕೆಂಡಿನವು ಸಲೀಸಾಗಿ ಮುಗಿಯುತ್ತವೆ, 20 ಸೆಕೆಂಡಿನವೂ ಹೆಚ್ಚುಕಡಿಮೆ ಸರಿ. 10 ಸೆಕೆಂಡಿಗೆ ಬಂದ ಕೂಡಲೇ ನಾಲ್ಕನೆಯದೋ ಐದನೆಯದೋ ತೋಟಾ ಮೂಗು ಕೆಳಗೆ ಮಾಡಿ, ನಳಿಗೆಯ ಹಿಂಬದಿಯ ಚೇಂಬರಿಗೆ ಹತ್ತಿಸುವ ಇಳಿಜಾರಿನ ಅಂದರೆ ಫೀಡ್ ರ‍್ಯಾಂಪಿನ ಬುಡಕ್ಕೆ ಗುದ್ದಿ ನಿಲ್ಲುತ್ತೆ. ಸ್ಲೈಡ್ ಅರ್ಧದಾರಿಯಲ್ಲಿ. ಬ್ಯಾರೆಲ್ ಶುಚಿಯಾಗಿದೆ, ತೋಟಾ ಸ್ಟ್ಯಾಂಡರ್ಡ್ ವೆಲಾಸಿಟಿ. "ವೇಗವಾಗಿ ಹೊಡೆದರೆ ಹಾಗೇ, ಹೈ ವೆಲಾಸಿಟಿ ಹಾಕಿ" ಅಂತ ಒಬ್ಬರು, "ಫೀಡ್ ಲಿಪ್ (ಮ್ಯಾಗಜೀನಿನ ಮೇಲ್ತುದಿಯಲ್ಲಿ ತೋಟಾ ಹಿಡಿಯುವ ಅಂಚುಗಳು) ಸ್ವಲ್ಪ ಬಗ್ಗಿಸಿ" ಅಂತ ಇನ್ನೊಬ್ಬರು. ಯಾವುದರಿಂದ ಶುರು ಮಾಡಲಿ?

ಮಸಿಬಟ್ಟೆ:
ಸದ್ಯಕ್ಕೆ ಎರಡೂ ಬೇಡ. ಇಕ್ಕಳವನ್ನಂತೂ ದೂರ ಇಡಿ.

ನೀವು ಬೇಗ ಹೊಡೆಯುತ್ತಿದ್ದೀರಿ ಅಂತ ಪಿಸ್ತೂಲಿಗೆ ಗೊತ್ತಾಗೋದಿಲ್ಲ. ಟ್ರಿಗರ್ ನಿಧಾನ ಒತ್ತಿದರೂ ಬೇಗ ಒತ್ತಿದರೂ ಸ್ಲೈಡ್ ಹಿಂದೆ ಹೋಗಿ ಬರುವ ವೇಗ ಅದೇ. ಲೆಕ್ಕ ಹಾಕಿ ನೋಡಿ: ಅಂಕವಿಲ್ಲದ ಪರೀಕ್ಷಾ ಗುಂಡು (ಸೈಟಿಂಗ್) 5, 150 ಸೆಕೆಂಡಿನಲ್ಲಿ 20, 20 ಸೆಕೆಂಡಿನಲ್ಲಿ 20. ಅಂದರೆ ನಿಮ್ಮ 10 ಸೆಕೆಂಡ್ ಸರಣಿ ಶುರುವಾಗೋದೇ 46ನೇ ಗುಂಡಿನಿಂದ. ಅಷ್ಟು ಹೊತ್ತಿಗೆ ಮ್ಯಾಗಜೀನಿನ ಒಳಗೋಡೆಗೆ ಮೇಣ, ಮಸಿ, ಸೀಸದ ಪುಡಿ ಮೆತ್ತಿರುತ್ತೆ. .22ರ ಗುಂಡು ಬರಿಯ ಸೀಸ, ಅದರ ಮೇಣ ಹೊರಮೈಯಲ್ಲೇ ಇರುತ್ತೆ, ಹಾಗಾಗಿ ಬೇರೆ ತೋಟಾಗಳಿಗಿಂತ ಗಲೀಜು ಜಾಸ್ತಿ. ನಾಲ್ಕು ಮತ್ತು ಐದನೇ ತೋಟಾದ ಹೊತ್ತಿಗೆ ಮ್ಯಾಗಜೀನಿನ ಸ್ಪ್ರಿಂಗ್ ಬಹುಪಾಲು ಬಿಚ್ಚಿಕೊಂಡು, ಅದರ ತಳ್ಳುವ ಬಲ ಕನಿಷ್ಠಕ್ಕೆ ಇಳಿದಿರುತ್ತೆ. ಬಲ ಕಡಿಮೆ, ತಿಕ್ಕಾಟ ಹೆಚ್ಚು. ತೋಟಾ ಪೂರ್ತಿ ಮೇಲೇಳುವ ಮೊದಲೇ ಸ್ಲೈಡ್ ಬಂದು ತಳ್ಳಿಬಿಡುತ್ತೆ, ಮೂಗು ಕೆಳಗಿದ್ದ ಹಾಗೇ ರ‍್ಯಾಂಪಿಗೆ ಗುದ್ದುತ್ತೆ.

ನಂಬಿಕೆ ಬರದಿದ್ದರೆ ಅಭ್ಯಾಸದಲ್ಲಿ ಕ್ರಮ ಉಲ್ಟಾ ಮಾಡಿ. ಶುಚಿಯಾದ ಮ್ಯಾಗಜೀನಿನಲ್ಲಿ ಮೊದಲು 10 ಸೆಕೆಂಡ್ ಸರಣಿಗಳು, ಕೊನೆಗೆ 150. ಜಾಮ್ ಕೂಡ ಕೊನೆಗೆ ಹೋದರೆ ಕಾರಣ ಕೊಳೆ. 10 ಸೆಕೆಂಡಿನಲ್ಲೇ ಉಳಿದರೆ ಹಿಡಿತ ನೋಡಬೇಕು: ಆತುರದಲ್ಲಿ ಮಣಿಕಟ್ಟು ಸಡಿಲವಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗೋದಿಲ್ಲ.

ಜೊತೆಗೆ ಮಾರ್ಕರಿನಿಂದ ಮ್ಯಾಗಜೀನ್‌ಗಳಿಗೆ 1, 2 ಅಂತ ನಂಬರ್ ಹಾಕಿ, ಪ್ರತಿ ಜಾಮಿಗೂ ಬರೆದಿಡಿ: ಯಾವ ಮ್ಯಾಗಜೀನ್, ಎಷ್ಟನೇ ತೋಟಾ, ಮೂಗು ಎತ್ತ. ಒಂದೇ ಮ್ಯಾಗಜೀನ್ ಕೈಕೊಡುತ್ತಿದ್ದರೆ ತಪ್ಪು ಅದರದ್ದು. ಎರಡರಲ್ಲೂ ಒಂದೇ ಥರ ಆದರೆ ಎರಡೂ ಕೊಳೆಯಾಗಿವೆ, ಇಲ್ಲವೇ ಪಿಸ್ತೂಲಿನಲ್ಲೋ ತೋಟಾದಲ್ಲೋ ತೊಂದರೆ ಇದೆ.

ಶುಚಿ ಮಾಡೋದು ಹೀಗೆ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ತೆರೆದು ಚೇಂಬರ್ ಖಾಲಿ ಅಂತ ಕಣ್ಣಾರೆ ನೋಡಿ. ಕನ್ನಡಕ ಹಾಕಿಕೊಳ್ಳಿ. ತಳದ ಪ್ಲೇಟ್ ಸರಿಸುವಾಗ ಹೆಬ್ಬೆರಳು ಅದರ ಮೇಲೇ ಇರಲಿ, ಇಲ್ಲದಿದ್ದರೆ ಸ್ಪ್ರಿಂಗ್ ಹಾರಿ ಎಲ್ಲೋ ಬೀಳುತ್ತೆ. ಸ್ಪ್ರಿಂಗ್ ಯಾವ ತುದಿ ಮೇಲೆ, ಯಾವ ಕಡೆ ಮುಖ ಅಂತ ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ತಲೆಕೆಳಗಾಗಿ ಹಾಕಿದ ಸ್ಪ್ರಿಂಗ್ ಫಾಲೋವರನ್ನು (ತೋಟಾಗಳನ್ನು ಮೇಲೆತ್ತುವ ತಟ್ಟೆ) ಓರೆ ಮಾಡುತ್ತೆ, ಮತ್ತೆ ಇದೇ ಮೂಗು ಕೆಳಗಿನ ಜಾಮ್. ಒಳಗೋಡೆ, ಫಾಲೋವರಿನ ಅಂಚು, ಲಿಪ್‌ಗಳ ಒಳಭಾಗ, ಇಷ್ಟನ್ನು ಹತ್ತಿಬಟ್ಟೆಯಲ್ಲಿ ಒರೆಸಿ. ಪ್ಲಾಸ್ಟಿಕ್ ಭಾಗಗಳಿಗೆ ಥಿನ್ನರ್ ತಾಗಿಸಬೇಡಿ. ಒಳಗೆ ಎಣ್ಣೆ ಹಚ್ಚಬೇಡಿ. ಎಲ್ಲರೂ ಮಾಡುವ ತಪ್ಪೇ ಇದು. ಎಣ್ಣೆಗೆ ಮಸಿ ಅಂಟಿ ಎರಡೇ ಬಾಕ್ಸ್ ಮುಗಿಯೋದರೊಳಗೆ ಅರೆದ ಹಿಟ್ಟಿನಂತಾಗುತ್ತೆ.

ಜೋಡಿಸಿದ ಮೇಲೆ ಫಾಲೋವರನ್ನು ಮರದ ಕಡ್ಡಿಯಿಂದ ತಳದವರೆಗೆ ಒತ್ತಿ ನಿಧಾನವಾಗಿ ಬಿಡಿ. ಎಲ್ಲೂ ತಡವರಿಸದೆ, ಓರೆಯಾಗದೆ ಮೇಲೆ ಬರಬೇಕು.

ಕಡಲತಡಿ:
ಮಸಿಬಟ್ಟೆಯವರ ಲೆಕ್ಕ ಸರಿ. ಶುಚಿ ಮಾಡಿಯೂ ಹೋಗದಿದ್ದರೆ ಮುಂದಿನ ಅನುಮಾನ ಸ್ಪ್ರಿಂಗ್. ಅದನ್ನು ಎಳೆದು ಉದ್ದ ಮಾಡುವವರಿದ್ದಾರೆ. ಎರಡು ದಿನ ನಡೆಯುತ್ತೆ, ಮತ್ತೆ ಅದೇ ಕಥೆ. ತಯಾರಕರ ಹೊಸ ಸ್ಪ್ರಿಂಗ್ ಹಾಕಿ. ತುಂಬಿಟ್ಟರೆ ಸ್ಪ್ರಿಂಗ್ ಸಾಯುತ್ತೆ ಅನ್ನೋ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ, ಅದು ಸವೆಯೋದು ಮುಖ್ಯವಾಗಿ ಮತ್ತೆ ಮತ್ತೆ ಒತ್ತಿ ಬಿಡೋದರಿಂದ.

ಮ್ಯಾಗಜೀನ್ ಎಷ್ಟು ಎತ್ತರಕ್ಕೆ ಕೂರುತ್ತೆ ಅಂತಲೂ ನೋಡಿ. ಖಾಲಿ ಪಿಸ್ತೂಲಿಗೆ ಖಾಲಿ ಮ್ಯಾಗಜೀನ್ ಹಾಕಿ, ತಳದಿಂದ ಬೆರಳಲ್ಲಿ ಮೇಲಕ್ಕೆ ಒತ್ತಿ. ಒಂದಕ್ಕಿಂತ ಇನ್ನೊಂದು ಹೆಚ್ಚು ಅಲುಗಾಡಿದರೆ ಕ್ಯಾಚ್ (ಮ್ಯಾಗಜೀನನ್ನು ಹಿಡಿದಿಡುವ ಕೊಕ್ಕೆ) ಕೂರುವ ಕಚ್ಚು ಸವೆದಿದೆ. ಮ್ಯಾಗಜೀನ್ ಕೂದಲೆಳೆಯಷ್ಟು ಕೆಳಗೆ ಕೂತರೂ ಮೂಗು ರ‍್ಯಾಂಪಿಗೆ ಕೆಳಗೇ ತಾಗುತ್ತೆ.

ಲಿಪ್ ವಿಷಯ: ನಿಮ್ಮ ಜಾಮಿನಲ್ಲಿ ಮೂಗು ಕೆಳಗಿದೆ. ಲಿಪ್ ಅಗಲವಾಗಿದ್ದರೆ ತೋಟಾ ಬೇಗ ಬಿಡುಗಡೆಯಾಗಿ ಮೂಗು ಮೇಲೆ ಎದ್ದು ಚೇಂಬರಿನ ಮೇಲಂಚಿಗೆ ಸಿಕ್ಕುತ್ತಿತ್ತು. ಅನುಮಾನವಿದ್ದರೆ ವರ್ನಿಯರಿನಲ್ಲಿ ಎರಡೂ ಮ್ಯಾಗಜೀನಿನ ಲಿಪ್ ಅಂತರ ಅಳೆದು ಹೋಲಿಸಿ, ಮುಂದೊಂದು ಕಡೆ, ಹಿಂದೊಂದು ಕಡೆ. ಕಾಂಕ್ರೀಟ್ ನೆಲಕ್ಕೆ ಬಿದ್ದದ್ದರಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ. ಅಂಥದ್ದನ್ನು ಬದಲಾಯಿಸಿ, ಬಗ್ಗಿಸಬೇಡಿ.

ಹೈ ವೆಲಾಸಿಟಿ ಬೇಡವೇ ಬೇಡ. ಸ್ಟ್ಯಾಂಡರ್ಡ್ ತೋಟಾದ ವೇಗ ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್, ಹೈ ವೆಲಾಸಿಟಿಯದ್ದು 370ರ ಆಸುಪಾಸು. ಟಾರ್ಗೆಟ್ ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮತ್ತೆ ಮುಂದಕ್ಕೆ ತರುವುದು) ಮೊದಲನೆಯದಕ್ಕೆ ಹೊಂದಿಸಿದ್ದು. ಸ್ಲೈಡ್ ಇನ್ನೂ ಜೋರಾಗಿ ಓಡಿದರೆ ತೋಟಾ ಮೇಲೇಳಲು ಸಿಗುವ ಸಮಯ ಇನ್ನೂ ಕಡಿಮೆ. ರೋಗಕ್ಕೆ ಮದ್ದು ಅಂತ ರೋಗವನ್ನೇ ಕುಡಿಸಿದ ಹಾಗೆ.

ಮಂಗಳೂರು, ಉಡುಪಿ ಕಡೆಯವರಿಗೆ: ಮಳೆಗಾಲದಲ್ಲಿ ಸ್ಟೀಲ್ ಮ್ಯಾಗಜೀನಿನ ಒಳಗೆ ತೆಳುವಾಗಿ ತುಕ್ಕು ಹಿಡಿದರೂ ಫಾಲೋವರ್ ಹೀಗೇ ತಡವರಿಸುತ್ತೆ. ಎಣ್ಣೆ ಬೇಡ ಅಂದದ್ದು ಒಳಕ್ಕೆ, ಹೊರಮೈಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಬಹುದು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಹತ್ತರ ವೃತ್ತ:
ಇಬ್ಬರಿಗೂ ಧನ್ಯವಾದ. ಬಿಚ್ಚಿ ನೋಡಿದೆ, 2ನೇದರ ಒಳಗೆ ಕಪ್ಪು ಅಂಟು ಗಟ್ಟಿಯಾಗಿತ್ತು. ಇನ್ನೆರಡು ಪ್ರಶ್ನೆ. ತುಂಬುವಾಗ ತೋಟಾದ ಅಂಚು ಹೇಗೆ ಕೂರಬೇಕು? ಪಂದ್ಯದಲ್ಲಿ ಜಾಮ್ ಆದರೆ ಏನು ಮಾಡಬೇಕು?

ಮಸಿಬಟ್ಟೆ:
.22ರ ತಳದ ಅಂಚು (ರಿಮ್) ಅದರ ಕೋಶಕ್ಕಿಂತ ಅಗಲ, 7.1 ಮಿಮೀ. ಪ್ರತಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಸ್ಲೈಡ್ ತಳ್ಳಿದಾಗ ಒಂದಕ್ಕೊಂದು ಕೊಂಡಿಯಾಗುತ್ತೆ. ಇದಕ್ಕೇ ರಿಮ್‌ಲಾಕ್ ಅನ್ನೋದು. ಫಾಲೋವರ್ ಗುಂಡಿಯನ್ನು ಒಂದು ತೋಟಾದಷ್ಟು ಮಾತ್ರ ಇಳಿಸಿ ಒಂದೊಂದಾಗಿ ತುಂಬಿ. ಪೂರ್ತಿ ಎಳೆದು ಐದನ್ನೂ ಸುರಿದರೆ ಅಡ್ಡಾದಿಡ್ಡಿ ಬೀಳುತ್ತವೆ. (ಲೈಸೆನ್ಸ್ ಮೇಲೆ .32 ಪಿಸ್ತೂಲ್ ಇಟ್ಟುಕೊಂಡವರಿಗೂ ಇದು ಅನ್ವಯ. ಅದು ಅರೆ ಅಂಚಿನ ತೋಟಾ, ಉದ್ದ ಕಡಿಮೆ ಇರುವ, ತುದಿ ಟೊಳ್ಳಾದ ಹಾಲೋ ಪಾಯಿಂಟ್ ಹಾಕಿದರೆ ಮ್ಯಾಗಜೀನಿನಲ್ಲಿ ಹಿಂದೆಮುಂದೆ ಜರುಗಿ ಅಂಚು ಸಿಕ್ಕಿಕೊಳ್ಳುತ್ತೆ.)

ತುಂಬಿದ ಮೇಲೆ ಸ್ಲೈಡನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಬಿಡಬೇಡಿ. ಪೂರ್ತಿ ಎಳೆದು ಕೈ ಬಿಟ್ಟುಬಿಡಿ, ಸ್ಪ್ರಿಂಗ್ ತನ್ನ ಕೆಲಸ ಮಾಡಲಿ.

ಪಂದ್ಯದಲ್ಲಿ ಜಾಮ್ ಆದರೆ ನಳಿಗೆ ಗುರಿಯ ಕಡೆಗೇ ಇರಲಿ, ಇನ್ನೊಂದು ಕೈ ಎತ್ತಿ ರೇಂಜ್ ಆಫೀಸರನ್ನು ಕರೆಯಿರಿ. ಅವರು ನೋಡುವ ಮುಂಚೆ ಸ್ಲೈಡನ್ನೋ ಸೇಫ್ಟಿಯನ್ನೋ ಮುಟ್ಟಿದರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್ಎಸ್ಎಫ್) ನಿಯಮದಲ್ಲಿ ಅದು ಒಪ್ಪುವ ಮಾಲ್‌ಫಂಕ್ಷನ್ (ಪಿಸ್ತೂಲಿನ ದೋಷ ಅಂತ ಎಣಿಸುವಂಥದ್ದು) ಅಲ್ಲ. ಮ್ಯಾಗಜೀನ್ ಸರಿಯಾಗಿ ಕೂರಿಸದೆ ಆದದ್ದೂ ಅಷ್ಟೆ, ಹಾಕಿದ ಮೇಲೆ ತಳಕ್ಕೆ ಒಂದು ಸಲ ಒತ್ತಿ ಖಚಿತ ಮಾಡಿಕೊಳ್ಳಿ.

ಕಡಲತಡಿ:
ಒಂದು ಸೇರಿಸುತ್ತೇನೆ. ಅಭ್ಯಾಸದಲ್ಲಿ ಸಿಕ್ಕಿಕೊಂಡ ತೋಟಾವನ್ನು ಸ್ಕ್ರೂಡ್ರೈವರಿನಲ್ಲಿ ಮೀಟಬೇಡಿ. ಇವುಗಳಲ್ಲಿ ಸಿಡಿಮದ್ದು ಇರೋದೇ ಅಂಚಿನೊಳಗೆ, ಅಲ್ಲಿಗೆ ಪೆಟ್ಟು ಬಿದ್ದರೆ ಸಿಡಿಯಬಹುದು. ಮ್ಯಾಗಜೀನ್ ತೆಗೆದು ಸ್ಲೈಡ್ ಹಿಂದಕ್ಕೆಳೆದು ಹಿಡಿದರೆ ಹೆಚ್ಚಿನವು ತಾವೇ ಬೀಳುತ್ತವೆ. ಮೂಗು ನಜ್ಜಾದ ತೋಟಾ ಮತ್ತೆ ತುಂಬಬೇಡಿ, ರೇಂಜಿನ ಕೆಟ್ಟ ತೋಟಾ ಡಬ್ಬಿಗೆ ಹಾಕಿ.