ಶುಗರ್ ಪೇಷಂಟಿನ ಅಂಗಾಲ ಹುಣ್ಣು: ಎಬಿಐ (ಕಣಕಾಲಿನ ರಕ್ತದೊತ್ತಡಕ್ಕ ತೋಳಿನ ಒತ್ತಡದಿಂದ ಭಾಗಿಸಿದ ಅಂಕಿ) 1.4 ಬಂದ್ರ ರಕ್ತ ಓಡಾಟ ಚಲೋ ಅದ ಅಂತ ಬರೀಬಹುದಾ?

ಸ್ಟಾಫ್ ನರ್ಸ್, ಯಾದಗಿರಿ
ಗಾಯ ಆರೈಕೆಯ ಮುಂದಿನ ಹಂತದ ತರಬೇತಿಗೆ ಕೇಸ್ ಶೀಟ್ ಬರೀಲಿಕತ್ತೀವಿ. ವಯಸ್ಸು 58, ತೊಗರಿ ಹೊಲದ ಕೂಲಿ, 12 ವರ್ಷದ ಶುಗರ್. ಬಲಗಾಲ ಹೆಬ್ಬೆರಳ ಬುಡದಾಗ ಅಂಗಾಲಿಗೆ ಹುಣ್ಣು, ಸುತ್ತ ದಪ್ಪ ಜಡ್ಡು. ಆರು ವಾರದಿಂದ ದಿನಾ ಪೊವಿಡೋನ್ (ಕ್ರಿಮಿ ಕೊಲ್ಲೋ ಅಯೋಡಿನ್ ಔಷಧ) ಹಚ್ಚಿ ಗಾಜ್ ಕಟ್ತೀವಿ, 3 × 2 ಸೆಂ.ಮೀ. ಇದ್ದದ್ದು ಹಂಗೇ ಅದ. ನೋವಿಲ್ಲ, ಕೀವಿಲ್ಲ, ಕೆಂಪಿಲ್ಲ. ಎಬಿಐ 1.4. ಸ್ವಾಬ್ ಕಲ್ಚರ್ (ಹುಣ್ಣು ಹತ್ತಿಲೆ ಒರೆಸಿ ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆ) ಕಳಿಸಬೇಕಾ?

ಪಾದ ಚಿಕಿತ್ಸೆ, ಕಲಬುರಗಿ
ಸಿಸ್ಟರ್, ಚಲೋ ಅಂತ ಬರೀಬ್ಯಾಡ್ರಿ. ಕಣಕಾಲಿನ ಸಿಸ್ಟೋಲಿಕ್ 182, ತೋಳಿಂದು 130 ಇದ್ರ ಭಾಗಿಸಿದಾಗ 1.4 ಬರ್ತದ. ಆದ್ರ ಬಹಳ ವರ್ಷದ ಶುಗರಿನಾಗ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿರ್ತದ. ಬಿಪಿ ನೋಡೋ ಪಟ್ಟಿ (ಕಫ್) ಎಷ್ಟು ಉಬ್ಬಿಸಿದ್ರೂ ನಾಳ ಅಮುಕೋದಿಲ್ಲ, ಅದಕ್ಕ ಒತ್ತಡ ಸುಳ್ಳೇ ಹೆಚ್ಚು ತೋರಿಸ್ತದ. 0.9ಕ್ಕಿಂತ ಕಮ್ಮಿ ಬಂದ್ರ ನಂಬ್ರಿ, 1.3 ದಾಟಿದ್ರ ನಂಬಬ್ಯಾಡ್ರಿ.

ಬೆರಳಿನ ನಾಳಕ್ಕ ಸುಣ್ಣ ಕಟ್ಟೋದು ಕಮ್ಮಿ. ಹಂಗಾಗಿ ಹೆಬ್ಬೆರಳಿಗೆ ಸಣ್ಣ ಕಫ್ ಹಾಕಿ ಒತ್ತಡ ನೋಡಬೇಕು. 30 ಮಿ.ಮೀ. ಪಾದರಸಕ್ಕಿಂತ ಕಮ್ಮಿ ಇದ್ರ ರಕ್ತನಾಳದ ಸರ್ಜನ್ ಕಡೆ ತುರ್ತಾಗಿ ಕಳಿಸ್ರಿ. ಆ ಕಫ್ ಇಲ್ಲಂದ್ರ ಕೈ ಡಾಪ್ಲರ್ (ನಾಳದಾಗ ರಕ್ತ ಹರಿಯೋದು ಕೇಳಿಸೋ ಸಣ್ಣ ಯಂತ್ರ) ಸದ್ದಾದ್ರೂ ಗಮನ ಕೊಟ್ಟು ಕೇಳ್ರಿ: ಒಂದೇ ಹಂತದ ಮಂದ ಸದ್ದು ಬಂದ್ರ ಮ್ಯಾಲೆಲ್ಲೋ ನಾಳ ಕಟ್ಟ್ಯಾದ ಅಂತ ಅನುಮಾನ ಇರ್ಲಿ.

ಸರ್ಜರಿ ವಾರ್ಡ್, ಬೀದರ್
ರಕ್ತ ಓಡಾಟ ಸಾಕಷ್ಟು ಅದ ಅಂತ ಖಾತ್ರಿ ಆದ ಮ್ಯಾಲ ಮೊದಲು ಜಡ್ಡು ಕೆತ್ತಸ್ರಿ. ಜಡ್ಡಿನ ಕೆಳಗ ಅಂಚು ಅಡಗಿರ್ತದ, ಈ 3 × 2 ಖರೇ ಅಳತೆ ಅಲ್ಲ. ಕೆತ್ತಿದ ಮ್ಯಾಲ 35 ಮಿ.ಲೀ. ಸಿರಿಂಜಿಗೆ 19 ಗೇಜ್ ಸೂಜಿ ಹಚ್ಚಿ ಸಲೈನ್ ಹಾಯಿಸ್ರಿ. ಸುಮಾರು 8 ಪಿಎಸ್‌ಐ ಒತ್ತಡ ಸಿಗ್ತದ, ಹೊಲಸು ಹೋಗ್ತದ, ಹೊಸ ಮಾಂಸ ಹರಿಯೋದಿಲ್ಲ. ಹುಣ್ಣಿನ ದಿಕ್ಕು ಗಡಿಯಾರದ ಗಂಟೆ ಲೆಕ್ಕದಾಗ ಬರೀಬೇಕು: ಪಾದದಾಗ 12 ಅಂದ್ರ ಹಿಮ್ಮಡಿ, 6 ಅಂದ್ರ ಬೆರಳು. ಅಂಚಿನ ಒಳಗ ಟೊಳ್ಳಿದ್ರ ಎಷ್ಟು ಗಂಟೆ ಕಡೆ, ಎಷ್ಟು ಸೆಂ.ಮೀ. ಅಂತ ಬರೀರಿ. ಇಲ್ಲೇ ಬಹಳ ಮಂದಿ ತಪ್ಪತಾರ.

ಆಮ್ಯಾಲ ಸ್ಟೆರೈಲ್ ಲೋಹದ ಪ್ರೋಬ್ (ಸಣ್ಣ ಕಡ್ಡಿ) ಮೆಲ್ಲಕ ಇಳಿಸ್ರಿ. ತಳದಾಗ ಗಟ್ಟಿಯಾಗಿ, ಮರಳು ತಾಗಿದಂಗ ಅನಿಸಿದ್ರ ಎಲುಬಿನ ಸೋಂಕು ಇರಬಹುದು, ಎಕ್ಸ್-ರೇ ತೆಗಸ್ರಿ. ಶುರುವಿನಾಗ ಎಕ್ಸ್-ರೇ ಸಾಫ್ ಇರಬಹುದು, 2–3 ವಾರ ಬಿಟ್ಟು ಮತ್ತ ತೆಗೀಬೇಕು.

ಸೋಂಕಿನ ಲಕ್ಷಣ ಇಲ್ಲದ ಹುಣ್ಣಿಗೆ ಸ್ವಾಬ್ ಬ್ಯಾಡ. ಚರ್ಮದ ಮ್ಯಾಲಿನ ಕ್ರಿಮಿ ಬೆಳೀತಾವ, ಸುಮ್ಮನ ಆಂಟಿಬಯಾಟಿಕ್ ಶುರು ಆಗ್ತದ. ಬೇಕಾದಾಗ ಕೆತ್ತಿದ ಮ್ಯಾಲ ತಳದ ಮಾಂಸದ ಚೂರು ಕಳಿಸ್ರಿ.

ಪಾದ ಚಿಕಿತ್ಸೆ, ಕಲಬುರಗಿ
ಪೊವಿಡೋನ್ ಬಗ್ಗೆ: ಕೆಂಪು ಕಾಳುಕಾಳಾದ ಮಾಂಸಕ್ಕ ದಿನಾ ಅದು ಬ್ಯಾಡ, ಹೊಸ ಕೋಶಕ್ಕೂ ಅದು ವಿಷನೇ. ಒಣಗಿ ಅಂಟಿದ ಗಾಜ್ ಕಿತ್ತಾಗ ಸಣ್ಣ ಸಣ್ಣ ರಕ್ತದ ಚುಕ್ಕಿ ಕಾಣ್ತಾವಲ್ಲ, ನಿನ್ನೆ ಬೆಳೆದದ್ದು ಇವತ್ತು ಕಿತ್ತು ಬಂತು ಅಂತ ಅರ್ಥ. ಸಲೈನಿಲೆ ನೆನಸಿ ಎತ್ತರಿ, ಅಂಟದ ಡ್ರೆಸ್ಸಿಂಗ್ ಇಡ್ರಿ.

ಆದ್ರ ಡ್ರೆಸ್ಸಿಂಗ್ ಏನೇ ಇರ್ಲಿ, ಅದೇ ಜಾಗಕ್ಕ ಊರಿ ನಡದ್ರ ವಾಸಿ ಆಗೋದಿಲ್ಲ. ಮೊಳಕಾಲ ತನಕ ಬರೋ, ಬಿಚ್ಚಲಿಕ್ಕೆ ಬಾರದ ಕಾಸ್ಟ್ (ಪ್ಲಾಸ್ಟರಿನಂಥ ಗಟ್ಟಿ ಕಟ್ಟು) ಎಲ್ಲಕ್ಕಿಂತ ಚಲೋ. ಬಿಚ್ಚೋ ಬೂಟ್ ಕೊಟ್ರ ರಾತ್ರಿ ಎದ್ದು ಬರಿಗಾಲಿಲೆ ಹೋಗ್ತಾರ. ನೋವೇ ಇಲ್ಲದ ಕಾಲು, ನೆನಪು ಯಾರು ಮಾಡಬೇಕು? ಸೋಂಕು, ಕಾಲಿಗೆ ರಕ್ತ ಓಡಾಟದ ಕೊರತೆ ಎರಡೂ ಇದ್ರ, ಇಲ್ಲಾ ಒಂದೇ ಜೋರಿದ್ರೂ ಕಾಸ್ಟ್ ಹಾಕಬ್ಯಾಡ್ರಿ. ನಮ್ಮ ಏಪ್ರಿಲ್ ಬಿಸಿಲಿನಾಗ ಒಳಗ ಬೆವರಿ ಚರ್ಮ ನೆನೀತದ, ಮೊದಲ ಕಾಸ್ಟ್ ಒಂದು ವಾರದೊಳಗ ಬಿಚ್ಚಿ ನೋಡ್ರಿ.

4 ವಾರದಾಗ ವಿಸ್ತೀರ್ಣ ಅರ್ಧಕ್ಕ ಬರಲಿಲ್ಲಂದ್ರ ಎಲ್ಲಾ ಮೊದಲಿಂದ ನೋಡಬೇಕು.

ಸ್ಟಾಫ್ ನರ್ಸ್, ಯಾದಗಿರಿ
ಡಾಪ್ಲರ್‌ನಾಗ ಮೂರು ಹಂತದ ಸದ್ದು ಸ್ಪಷ್ಟ ಅದ ಅಂದ ಮ್ಯಾಲ ಡಾಕ್ಟರ್ ಜಡ್ಡು ಕೆತ್ತಿದ್ರು. ಈಗ 3.6 × 2.8, 4 ಗಂಟೆ ಕಡೆ 0.9 ಸೆಂ.ಮೀ. ಟೊಳ್ಳು, ಪ್ರೋಬ್ ಎಲುಬಿಗೆ ತಾಗಿಲ್ಲ. ಬೆರಳ ಕಫ್ ಇಲ್ಲ, ಒತ್ತಡ ನೋಡ್ಲಿಕ್ಕೆ ಕಲಬುರಗಿಗೆ ಕಳಿಸ್ತೀವಿ. ಶೀಟಿನಾಗ ಹುಣ್ಣು ದೊಡ್ಡದಾಯ್ತು ಅಂತ ಬರೀಬೇಕಾ?

ಸರ್ಜರಿ ವಾರ್ಡ್, ಬೀದರ್
ಬ್ಯಾಡ. "ಜಡ್ಡು ತೆಗೆದ ನಂತರದ ಅಳತೆ" ಅಂತ ತಾರೀಖು ಹಾಕಿ ಬರೀರಿ, ಪಕ್ಕಕ್ಕ ಸ್ಕೇಲ್ ಇಟ್ಟು ಫೋಟೋ ತೆಗೀರಿ. 4 ವಾರದ ಲೆಕ್ಕ ಇವತ್ತಿನಿಂದ ಶುರು.